ಪೇಸ್ಟ್ ಬದಲಿಸುವ ಮೊದಲು ಹತ್ತು ಸೆಕೆಂಡ್ ನೋಡಿ: ಕಾದು ನಿಲ್ಲುವ ಕಂಪ್ಯೂಟರಿನ ದೋಷ ಹುಡುಕುವ ಬಗೆ

ಏಪ್ರಿಲ್ ತಿಂಗಳು, ಮದುವೆ ಸೀಸನ್. ಉಡುಪಿಯ ಒಂದು ಫೋಟೊ ಸ್ಟುಡಿಯೊದವರು ಬೆಳಿಗ್ಗೆ ಎಂಟಕ್ಕೇ ಫೋನ್ ಮಾಡಿದರು. "ಅಣ್ಣಾ, ನಾಳೆ ಕುಂದಾಪುರದ ಪಾರ್ಟಿಗೆ ವಿಡಿಯೊ ಕೊಡ್ಲಿಕ್ಕುಂಟು. ರೆಂಡರ್‌ಗೆ ಹಾಕಿದ್ರೆ ಸಿಸ್ಟಂ ಎಮ್ಮೆ ಹಾಗೆ ಮಲಗ್ತದೆ. ಪೇಸ್ಟ್ ಒಣಗಿರ್ಬೇಕು. ನಿಮ್ಮ ಹತ್ರ ಇರುವುದರಲ್ಲಿ ಒಳ್ಳೆ ಪೇಸ್ಟ್ ಒಂದು ಹಿಡ್ಕೊಂಡು ಬನ್ನಿ ಮಾರಾಯ್ರೆ."

ಪೇಸ್ಟ್ ಎಂದರೆ ಪ್ರೊಸೆಸರ್ ಚಿಪ್ ಮತ್ತು ಅದರ ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ನಡುವೆ ಸವರುವ ಥರ್ಮಲ್ ಪೇಸ್ಟ್. ಹೋಗಿ ನೋಡಿದರೆ ಮೇಜಿನ ಮೇಲೆ ಎರಡು ಖಾಲಿ ಟ್ಯೂಬ್. ಆ ತಿಂಗಳಲ್ಲೇ ಅವರು ಎರಡು ಸಲ ಪೇಸ್ಟ್ ಬದಲಿಸಿದ್ದರು. ನಾನು ತಂದದ್ದು ಮೂರನೆಯದು. ಅಂದರೆ ಒಣಗಿದ ಪೇಸ್ಟ್ ಎಂಬ ಮಾತೇ ಅಲ್ಲಿ ಹೊಂದುವುದಿಲ್ಲ.

ನನ್ನ ಬೆಂಚಿಗೆ ಬರುವ ಬಿಸಿ ದೂರುಗಳಲ್ಲಿ ಪೇಸ್ಟ್ ನಿಜಕ್ಕೂ ಸತ್ತಿರುವುದು ಕಡಿಮೆ. ಇದ್ದರೂ ಅದು ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ. ಉಳಿದದ್ದೆಲ್ಲ ಧೂಳು, ಸರಿಯಾಗಿ ಕೂರದ ಹೀಟ್‌ಸಿಂಕ್, ತಪ್ಪು ದಪ್ಪದ ಪ್ಯಾಡ್ (ಕೆಲವು ಚಿಪ್‌ಗಳ ಮೇಲೆ ಪೇಸ್ಟಿನ ಬದಲು ಇಡುವ ಮೆತ್ತನೆಯ ತುಂಡು), ಇಲ್ಲವೇ ಬಿಸಿಗೆ ಸಂಬಂಧವೇ ಇಲ್ಲದ ಕರೆಂಟಿನ ಕತೆ. ಹಾಗಾಗಿ ಟ್ಯೂಬ್ ತೆರೆಯುವುದು ಕೊನೆಗೆ.

ಇದು ಬಿಸಿಯ ದೋಷವೇ?

"ಆಫ್ ಆಗ್ತದೆ" ಎನ್ನುವುದರಲ್ಲೇ ಎರಡು ಬಗೆ ಉಂಟು. ಕೆಲಸ ನಿಧಾನವಾಗುತ್ತಾ, ಫ್ಯಾನ್ ಕಿರುಚುತ್ತಾ, ಕೊನೆಗೆ ನಿಂತರೆ ಬಿಸಿಯ ಅನುಮಾನ ಸರಿ. ಫ್ಯಾನ್ ಸುಮ್ಮನಿರುವಾಗಲೇ, ಸ್ವಿಚ್ ಒತ್ತಿದ ಹಾಗೆ ಒಮ್ಮೆಲೆ ಕತ್ತಲಾದರೆ ಮೊದಲು ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗೆ ಕರೆಂಟ್ ಕೊಡುವ ಪೆಟ್ಟಿಗೆ), ಯುಪಿಎಸ್ ಬ್ಯಾಟರಿ ಮತ್ತು ಗೋಡೆಯ ಪ್ಲಗ್ ನೋಡಿ. ವಿಂಡೋಸಿನ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂದು ಕಂಡಿತು, ಅದಕ್ಕೇ ಪೇಸ್ಟ್ ಹಾಕಿದೆ ಎಂದವರಿದ್ದಾರೆ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಎನ್ನುವುದಷ್ಟೇ ಆ ಸಂಖ್ಯೆಯ ಅರ್ಥ. ಯಾಕೆ ನಿಂತಿತು ಎನ್ನುವುದು ಅದರಲ್ಲಿ ಇಲ್ಲ.

ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಅದರ ಸೆನ್ಸರ್ ಪಟ್ಟಿಯಲ್ಲಿ ಪ್ರತಿ ಕೋರಿನ ತಾಪ, ಗಿಗಾಹರ್ಟ್ಸ್, ವ್ಯಾಟ್, ಜೊತೆಗೆ ಥರ್ಮಲ್ ಥ್ರಾಟ್ಲಿಂಗ್ (ಬಿಸಿಗೆ ಹೆದರಿ ವೇಗ ಇಳಿಸುವುದು) ಆಗಿದೆಯೇ ಇಲ್ಲವೇ ಎನ್ನುವ ಸಾಲೂ ಇರುತ್ತದೆ. ತಾಪ 55 ಡಿಗ್ರಿ ಇರುವಾಗಲೇ ವೇಗ 0.8 ಗಿಗಾಹರ್ಟ್ಸ್‌ನ ಆಸುಪಾಸಿಗೆ ಅಂಟಿಕೊಂಡಿದ್ದರೆ ಅದು ಪೇಸ್ಟಿನ ತಪ್ಪಲ್ಲ. ಕೆಲವು ಕಂಪನಿಯ ಲ್ಯಾಪ್‌ಟಾಪ್‌ಗಳು ತಮ್ಮದಲ್ಲದ ಚಾರ್ಜರ್ ಕಂಡರೆ ಹೀಗೆ ಮುನಿಸಿಕೊಳ್ಳುತ್ತವೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿದರೆ ಗೊತ್ತಾಗುತ್ತದೆ.

ಇನ್ನೊಂದು ಗಾಬರಿ 95 ಎಂಬ ಸಂಖ್ಯೆಯದ್ದು. ಇಂಟೆಲ್‌ನ ಹೆಚ್ಚಿನ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ. ಲ್ಯಾಪ್‌ಟಾಪಿನಲ್ಲಿ ಭಾರದ ಕೆಲಸ ಶುರುವಾದ ಕೂಡಲೇ ಕೆಲವು ಸೆಕೆಂಡ್ 95 ಮುಟ್ಟಿ ಇಳಿಯುವುದು ರೂಢಿ. ಎಎಂಡಿಯ ರೈಝನ್ 7000 ಸಾಲಿನ ಎಕ್ಸ್ ಮಾದರಿಗಳಂತೂ ಭಾರ ಬಿದ್ದಾಗ 95ರವರೆಗೆ ಹೋಗಿ ಅಲ್ಲೇ ಕೂರುವಂತೆ ಮಾಡಿದವು. ತಾಪ 95 ಇದ್ದೂ ಗಿಗಾಹರ್ಟ್ಸ್ ಬೀಳದಿದ್ದರೆ ಸುಮ್ಮನಿರಿ.

ಕೋಣೆಯ ತಾಪವನ್ನೂ ಬರೆದಿಟ್ಟುಕೊಳ್ಳಿ. ಇದನ್ನು ನಮ್ಮ ಕರಾವಳಿಯವರು ಮರೆಯುವುದೇ ಹೆಚ್ಚು. ಯೂಟ್ಯೂಬಿನಲ್ಲಿ ಯಾರೋ 21 ಡಿಗ್ರಿಯ ಎಸಿ ಕೋಣೆಯಲ್ಲಿ ಕೂತು "70 ಡಿಗ್ರಿ ಬಂತು" ಎನ್ನುತ್ತಾರೆ. ಮೇ ತಿಂಗಳ ಮಧ್ಯಾಹ್ನ ಎಸಿ ಇಲ್ಲದ ನಮ್ಮ ಕೋಣೆ 33. ಅದೇ ಯಂತ್ರ ಇಲ್ಲಿ 82 ತೋರಿಸಿದರೆ ಅದರಲ್ಲಿ ದೋಷವೇನೂ ಇಲ್ಲ, ಲೆಕ್ಕ ಸರಿಯಾಗಿಯೇ ಉಂಟು. ನಾನು ಗ್ರಾಹಕರಿಗೆ ಬರೆದುಕೊಡುವ ಚೀಟಿಯಲ್ಲಿ ಪ್ರೊಸೆಸರ್ ತಾಪದಿಂದ ಕೋಣೆಯ ತಾಪ ಕಳೆದು ಉಳಿದದ್ದನ್ನು ಹಾಕುತ್ತೇನೆ. ಜನವರಿಯಲ್ಲೂ ಮೇಯಲ್ಲೂ ಆ ಸಂಖ್ಯೆ ಹೆಚ್ಚುಕಮ್ಮಿ ಒಂದೇ ಇರಬೇಕು. ಅದು ಬೆಳೆದಿದ್ದರೆ ಮಾತ್ರ ಮುಂದಿನ ಮಾತು.

ಏರುವ ವೇಗ

ಈಗ ಮುಖ್ಯ ಪರೀಕ್ಷೆ. ಸಿನಿಬೆಂಚ್ ಅಥವಾ ಬೇರೆ ಯಾವುದಾದರೂ ಭಾರ ಹಾಕುವ ತಂತ್ರಾಂಶ ತೆರೆಯಿರಿ. ಪಕ್ಕದಲ್ಲಿ ತಾಪದ ಗ್ರಾಫ್ ಇರಲಿ. ಐದು ನಿಮಿಷ ಏನೂ ಮಾಡದೆ ಬಿಡಿ, ಕೆಳಗಿನ ತಾಪ ನೋಡಿಕೊಳ್ಳಿ. ಆಮೇಲೆ ಭಾರ ಹಾಕಿ ಮೊದಲ ಹತ್ತು ಸೆಕೆಂಡ್ ಕಣ್ಣು ಕೀಳಬೇಡಿ.

ಎರಡು ಮೂರು ಸೆಕೆಂಡಿಗೇ 45ರಿಂದ 98ಕ್ಕೆ ಹಾರಿತು, ಭಾರ ನಿಲ್ಲಿಸಿದ ಕೂಡಲೇ ಅಷ್ಟೇ ವೇಗದಲ್ಲಿ 55ಕ್ಕೆ ಬಿತ್ತು ಎಂದಿಟ್ಟುಕೊಳ್ಳಿ. ಹಾಗಿದ್ದರೆ ಬಿಸಿ ಹೀಟ್‌ಸಿಂಕಿನವರೆಗೆ ಹೋಗುತ್ತಲೇ ಇಲ್ಲ. ಚಿಪ್ಪಿನಲ್ಲಿ ಹುಟ್ಟಿದ್ದು ಚಿಪ್ಪಿನಲ್ಲೇ ಸಿಕ್ಕಿಕೊಂಡಿದೆ. ಆ ಸಣ್ಣ ಸಿಲಿಕಾನ್ ತುಂಡಿನಲ್ಲಿ ಬಿಸಿ ಹಿಡಿದಿಡುವ ಜಾಗ ಕಡಿಮೆ, ಅದಕ್ಕೇ ಹಾರಿ ಬೀಳುತ್ತದೆ. ದೋಷ ಚಿಪ್ ಮತ್ತು ಲೋಹದ ನಡುವೆ ಇದೆ: ಪೇಸ್ಟ್, ಪ್ಯಾಡ್, ಸ್ಕ್ರೂ, ಪಿನ್.

ಅದಲ್ಲದೆ 60, 68, 75 ಎಂದು ಹತ್ತು ಹದಿನೈದು ನಿಮಿಷ ನಿಧಾನಕ್ಕೆ ಹತ್ತಿ 95 ಮುಟ್ಟಿತು, ನಿಲ್ಲಿಸಿದ ಮೇಲೂ ನಿಧಾನಕ್ಕೇ ಇಳಿಯಿತು ಎಂದರೆ ಬಿಸಿ ಹೀಟ್‌ಸಿಂಕಿಗೆ ಚೆನ್ನಾಗಿ ಬರುತ್ತಿದೆ, ಅಲ್ಲಿಂದ ಗಾಳಿಗೆ ಹೋಗುತ್ತಿಲ್ಲ. ದೋಷ ಫ್ಯಾನ್, ಧೂಳು, ಮುಚ್ಚಿದ ಕ್ಯಾಬಿನೆಟ್ಟಿನದ್ದು. ಇಲ್ಲಿ ನೀವು ಜಗತ್ತಿನ ಅತ್ಯುತ್ತಮ ಪೇಸ್ಟ್ ಹಾಕಿದರೂ ಒಂದೆರಡು ಡಿಗ್ರಿ ಇಳಿದರೆ ಪುಣ್ಯ.

ಡೆಸ್ಕ್‌ಟಾಪ್ ಆದರೆ ಕೈಯೇ ಸಾಕ್ಷಿ ಹೇಳುತ್ತದೆ. ಪ್ರೊಸೆಸರ್ 98 ತೋರಿಸುವಾಗ ಹೀಟ್‌ಸಿಂಕಿನ ಬುಡದ ಹತ್ತಿರ, ಫ್ಯಾನಿಗೆ ತಾಗದಂತೆ, ಬೆರಳ ತುದಿ ಒಂದು ಕ್ಷಣ ಇಡಿ. ಲೋಹ ಉಗುರು ಬೆಚ್ಚಗಿದ್ದರೆ ನಡುವಿನ ಸಂಪರ್ಕ ಕೆಟ್ಟಿದೆ. ಬೆರಳು ಇಡಲಿಕ್ಕೇ ಆಗದಷ್ಟು ಸುಡುತ್ತಿದ್ದರೆ ಗಾಳಿಯ ದೋಷ. ವಾಟರ್ ಕೂಲರ್ ಇದ್ದವರು ಪಂಪ್ ತಿರುಗುತ್ತಿದೆಯೇ ಎಂದೂ ನೋಡಬೇಕು, ಏಕೆಂದರೆ ಪಂಪ್ ನಿಂತರೂ ತಾಪ ಬೇಗ ಏರುತ್ತದೆ.

ನಿಧಾನಕ್ಕೆ ಏರಿದರೆ

ಇದು ಸುಲಭದ ಕೆಲಸ. ಆದರೆ ನಮ್ಮ ಊರಿನ ಧೂಳು ಬೆಂಗಳೂರಿನ ಧೂಳಿನಂತಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಮುರಕಲ್ಲಿನ ಕೆಂಪು ಹುಡಿ, ಬಟ್ಟೆಯ ನೂಲು, ಒಗ್ಗರಣೆಯ ಹೊಗೆಯ ಜಿಡ್ಡು ಎಲ್ಲ ಸೇರಿ ಹೀಟ್‌ಸಿಂಕಿನ ತೆಳು ತಗಡುಗಳಾದ ಫಿನ್‌ಗಳ ನಡುವೆ ಕಂಬಳಿಯಂತೆ ಹೆಣೆದುಕೊಳ್ಳುತ್ತವೆ. ಬಾಯಿಯಿಂದ ಊದಿದರೆ ಮೇಲಿನದ್ದಷ್ಟೇ ಹಾರುತ್ತದೆ, ಉಗುಳಿನ ತೇವ ಬೇರೆ ಸೇರುತ್ತದೆ. ಲ್ಯಾಪ್‌ಟಾಪಿನಲ್ಲಿ ಈ ಕಂಬಳಿ ಫ್ಯಾನ್ ಮತ್ತು ಫಿನ್‌ಗಳ ನಡುವೆ ಕೂತಿರುತ್ತದೆ. ಫ್ಯಾನ್ ಬಿಚ್ಚದೆ ಅದು ಕಾಣುವುದೂ ಇಲ್ಲ, ಹೊರಗೆ ಬರುವುದೂ ಇಲ್ಲ.

ಬ್ಲೋವರ್ ಬಳಸುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಗೆ ಅದು ಗಿರಗಿಟ್ಲೆಯಂತೆ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಮಲ್ಪೆ, ಪಣಂಬೂರು ಕಡೆ ಕಡಲಿಗೆ ಹತ್ತಿರ ಇರುವ ಮನೆಗಳ ಯಂತ್ರಗಳಲ್ಲಿ ಅಲ್ಯುಮಿನಿಯಂ ಫಿನ್ ಮೇಲೆ ಬಿಳಿ ಹುಡಿ, ಸ್ಕ್ರೂಗಳಲ್ಲಿ ತುಕ್ಕು ಕಂಡಿದ್ದೇನೆ. ಉಪ್ಪುಗಾಳಿಯ ಕೆಲಸ. ತುಕ್ಕು ಹಿಡಿದ ಸ್ಕ್ರೂವನ್ನು ಸರಿಯಾದ ಅಳತೆಯ ಬಿಟ್ ಇಲ್ಲದೆ ತಿರುಗಿಸಿದರೆ ತಲೆ ಸವೆದು, ಒಂದು ಗಂಟೆಯ ಕೆಲಸ ಒಂದು ದಿನದ್ದಾಗುತ್ತದೆ. ಹಲ್ಲಿ, ಜಿರಳೆಗಳ ಕತೆ ಬೇರೆ ಉಂಟು. ಊಟದ ಹೊತ್ತಿಗೆ ಓದುವವರಿರಬಹುದು, ಬಿಡಿ.

ಒಮ್ಮೆಲೆ ಹಾರಿದರೆ: ಸ್ಟುಡಿಯೊದ ಯಂತ್ರ

ಆ ಸ್ಟುಡಿಯೊದ್ದು ಇಂಟೆಲ್ ಐ5-12400, ಜೊತೆಗೆ ಬಂದ ಕಂಪನಿಯದ್ದೇ ಕೂಲರ್ (ಹೀಟ್‌ಸಿಂಕ್ ಮತ್ತು ಫ್ಯಾನಿನ ಜೋಡಿ). ಸುಮ್ಮನಿದ್ದಾಗ 58 ಡಿಗ್ರಿ, ರೆಂಡರ್ ಒತ್ತಿದ ಮೂರನೇ ಸೆಕೆಂಡಿಗೆ 100. ಫ್ಯಾನ್ ಬೊಬ್ಬೆ ಹೊಡೆಯುತ್ತಿತ್ತು, ಹೀಟ್‌ಸಿಂಕ್ ಮುಟ್ಟಿದರೆ ಬರೀ ಬೆಚ್ಚಗೆ. ಪೇಸ್ಟ್ ಹಾಕಿ ವಾರವೂ ಆಗಿರಲಿಲ್ಲ.

ಕ್ಯಾಬಿನೆಟ್ಟಿನ ಇನ್ನೊಂದು ಬದಿಯ ಬಾಗಿಲು ತೆಗೆದು ಮದರ್‌ಬೋರ್ಡಿನ ಬೆನ್ನಿಗೆ ಟಾರ್ಚ್ ಹಿಡಿದೆ. ಈ ಕೂಲರಿಗೆ ನಾಲ್ಕು ಪ್ಲಾಸ್ಟಿಕ್ ಪಿನ್. ಪ್ರತಿ ಪಿನ್ನಿನ ಸೀಳಿದ ಕಾಲು ತೂತಿನಿಂದ ಹೊರಬಂದು, ನಡುವಿನ ಕಡ್ಡಿ ಒಳಗೆ ಇಳಿದು, ಎರಡು ಕಾಲನ್ನೂ ಅಗಲಿಸಿ ನಿಲ್ಲಬೇಕು. ಮೂರು ಹಾಗೆಯೇ ಇದ್ದವು. ಕೆಳಗಿನ ಎಡಗಡೆಯದ್ದು ತೂತಿನ ಅಂಚಿಗೆ ಬಂದು ನಿಂತಿತ್ತು, ಅಕ್ಕಿ ಕಾಳಿನಷ್ಟು ದೂರ ಬಾಕಿ. ಮುಂದಿನಿಂದ ನೋಡಿದರೆ ನಾಲ್ಕೂ ಒಂದೇ ಥರ ಕಾಣುತ್ತಿದ್ದವು.

ಕೂಲರ್ ಕಿತ್ತಾಗ ಪೇಸ್ಟೇ ಕತೆ ಹೇಳಿತು. ಪ್ರೊಸೆಸರಿನ ಒಂದು ಬದಿಯಲ್ಲಿ ಅದು ಕಾಗದದಷ್ಟು ತೆಳ್ಳಗೆ ಹರಡಿ ಕೆಳಗಿನ ಲೋಹ ಕಾಣುವಷ್ಟಾಗಿತ್ತು. ಇನ್ನೊಂದು ಬದಿಯಲ್ಲಿ ಹಾಕಿದ ಗುಪ್ಪೆ ಗುಪ್ಪೆಯಾಗಿಯೇ ಕೂತಿತ್ತು, ಮೇಲೆ ಹೀಟ್‌ಸಿಂಕಿನ ಗುರುತೂ ಇಲ್ಲ. ಎರಡು ಸಲ ಪೇಸ್ಟ್ ಬದಲಿಸಿದಾಗಲೂ ಅದೇ ಪಿನ್ ಅದೇ ರೀತಿ ಕೈಕೊಟ್ಟಿತ್ತು, ಯಾಕೆಂದರೆ ಅಲ್ಲಿ ಎಸ್‌ಎಂಪಿಎಸ್‌ನ ಕೇಬಲ್ ಅಡ್ಡ ಬಂದು ಹೆಬ್ಬೆರಳಿಗೆ ಪೂರ್ತಿ ಒತ್ತಲು ಜಾಗವೇ ಇರಲಿಲ್ಲ.

ಈ ಪಿನ್‌ಗಳ ತಲೆಯ ಮೇಲೆ ಬಾಣದ ಗುರುತಿರುತ್ತದೆ. ಬಾಣದ ದಿಕ್ಕಿಗೆ ತಿರುಗಿಸಿದರೆ ಪಿನ್ ಬಿಡುತ್ತದೆ. ಮತ್ತೆ ಕೂರಿಸುವ ಮೊದಲು ನಾಲ್ಕನ್ನೂ ಬಾಣಕ್ಕೆ ವಿರುದ್ಧ ದಿಕ್ಕಿಗೆ ತಿರುಗಿಸಿ ಮೊದಲಿನ ಸ್ಥಿತಿಗೆ ತರಬೇಕು. ಇದನ್ನು ಬಿಟ್ಟವರಿಗೆ ಎಷ್ಟು ಒತ್ತಿದರೂ ಟಕ್ ಎನ್ನುವುದಿಲ್ಲ. ಎದುರುಬದುರು ಮೂಲೆಗಳ ಎರಡನ್ನು ಒಟ್ಟಿಗೆ ಒತ್ತಿ, ಆಮೇಲೆ ಉಳಿದ ಎರಡು. ನಾಲ್ಕು ಸಲ ಟಕ್ ಕೇಳಬೇಕು, ಕೇಳಿದ ಮೇಲೂ ಬೆನ್ನಿನ ಕಡೆಯಿಂದ ನೋಡಬೇಕು. ಸಾಧ್ಯವಿದ್ದರೆ ಬೋರ್ಡನ್ನೇ ಕ್ಯಾಬಿನೆಟ್ಟಿನಿಂದ ತೆಗೆದು ಮೇಜಿನ ಮೇಲಿಟ್ಟು ಕೂರಿಸಿ. ಸೋಮಾರಿತನ ಮಾಡಿದರೆ ಹೀಗೆ ಮೂರು ಟ್ಯೂಬ್ ಖರ್ಚು.

ಒರೆಸಿ, ಹೊಸ ಪೇಸ್ಟ್ ಹಾಕಿ, ನಾಲ್ಕೂ ಪಿನ್ ಕೂರಿಸಿದ ಮೇಲೆ ಅದೇ ರೆಂಡರ್ ಹದಿನೈದು ನಿಮಿಷ ಓಡಿಸಿದೆವು. ಕೋಣೆ 33, ಪ್ರೊಸೆಸರ್ 78. ನಾನು ಹಾಕಿದ್ದು ಅವರ ಎರಡು ಟ್ಯೂಬ್‌ಗಳಿಗಿಂತ ಅಗ್ಗದ ಪೇಸ್ಟ್.

ಹೊಸದಾಗಿ ಕೂಲರ್ ಹಾಕಿದ ಯಂತ್ರ ಹೀಗೆ ಹಾರಿದರೆ ಇನ್ನೊಂದನ್ನು ನೋಡಿ: ಬುಡದ ಲೋಹಕ್ಕೆ ಅಂಟಿಸಿ ಬಂದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಅದನ್ನು ಕೀಳದೆಯೇ ಕೂಲರ್ ಕೂರಿಸಿ, ತಿಂಗಳುಗಟ್ಟಲೆ ಫ್ಯಾನ್ ಬೈದವರನ್ನು ನಾನು ಬಲ್ಲೆ. ನಾನೂ ಒಮ್ಮೆ ಆ ಸಾಲಿನಲ್ಲಿದ್ದೆ.

ಯಾವ ಪೇಸ್ಟ್?

ಅಂಗಡಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ಟ್ಯೂಬಿನ ಮೇಲೆ W/mK ಎಂದು ಬರೆದ ಉಷ್ಣವಾಹಕತೆಯ (ಬಿಸಿ ಸಾಗಿಸುವ ಶಕ್ತಿಯ) ಸಂಖ್ಯೆಯೇ ಎಲ್ಲ ಎಂದು ತಿಳಿದವರು ಒಂದು ಸಣ್ಣ ಲೆಕ್ಕ ಮಾಡಿ ನೋಡಬೇಕು. ತಾಮ್ರದ ಉಷ್ಣವಾಹಕತೆ ಸುಮಾರು 400, ಗಾಳಿಯದ್ದು 0.026. ಎರಡು ಲೋಹದ ಮೈ ಎಷ್ಟು ನುಣುಪಾಗಿ ಕಂಡರೂ ನಡುವೆ ಸಣ್ಣ ಸಣ್ಣ ಗುಂಡಿಗಳಿರುತ್ತವೆ, ಅವುಗಳಲ್ಲಿ ಗಾಳಿ ಕೂತಿರುತ್ತದೆ. ಆ ಗಾಳಿಯನ್ನು ಹೊರದೂಡಿ ಜಾಗ ತುಂಬುವುದಷ್ಟೇ ಪೇಸ್ಟಿನ ಕೆಲಸ. ಅದೇನೂ ತಾಮ್ರಕ್ಕಿಂತ ಒಳ್ಳೆಯ ವಾಹಕವಲ್ಲ. ಆರ್ಕ್ಟಿಕ್ ಎಂಎಕ್ಸ್-4 ತನ್ನದು 8.5 ಎನ್ನುತ್ತದೆ, ಥರ್ಮಲ್ ಗ್ರಿಜ್ಲಿಯ ಕ್ರಯೋನಾಟ್ 12.5 ಎನ್ನುತ್ತದೆ.

ಡೆಸ್ಕ್‌ಟಾಪ್ ಪ್ರೊಸೆಸರಿನ ಲೋಹದ ಮುಚ್ಚಳ ಸುಮಾರು 9 ಚದರ ಸೆಂಟಿಮೀಟರ್, ಅದರ ಮೂಲಕ 100 ವ್ಯಾಟ್ ದಾಟಬೇಕು, ಪೇಸ್ಟಿನ ದಪ್ಪ 0.05 ಮಿಲಿಮೀಟರ್ ಎಂದುಕೊಳ್ಳೋಣ. ವಾಹಕತೆ 8 ಇದ್ದರೆ ಆ ಪದರದಲ್ಲಿ ಕಳೆಯುವುದು ಸುಮಾರು 0.7 ಡಿಗ್ರಿ, 4 ಇದ್ದರೆ 1.4 ಡಿಗ್ರಿ. ವ್ಯತ್ಯಾಸ ಮುಕ್ಕಾಲು ಡಿಗ್ರಿಗೂ ಕಡಿಮೆ! ಅದೇ 8ರ ಪೇಸ್ಟನ್ನು 0.3 ಮಿಲಿಮೀಟರ್ ದಪ್ಪಕ್ಕೆ ಬಿಟ್ಟರೆ 4 ಡಿಗ್ರಿ ಹೋಯಿತು. ಲೆಕ್ಕ ಒರಟು, ಮುಚ್ಚಳದಲ್ಲಿ ಬಿಸಿ ಸಮನಾಗಿ ಹರಡುವುದಿಲ್ಲ. ಆದರೂ ದುಡ್ಡು ಎಲ್ಲಿ ಹೋಗಬೇಕು ಎನ್ನುವುದು ಗೊತ್ತಾಗುತ್ತದೆ. ದಪ್ಪ ಕಡಿಮೆ ಮಾಡುವುದು ಒತ್ತಡ. ಒತ್ತಡ ಕೊಡುವುದು ಸ್ಕ್ರೂ.

ಲ್ಯಾಪ್‌ಟಾಪಿನಲ್ಲಿ ಮುಚ್ಚಳವಿಲ್ಲ, ಸಿಲಿಕಾನ್ ಬರಿಮೈಯಲ್ಲಿದೆ. ಜಾಗ ಬರೀ 1.2 ಚದರ ಸೆಂಟಿಮೀಟರಿನ ಆಸುಪಾಸು. 45 ವ್ಯಾಟಿಗೆ ಅದೇ 0.05 ಮಿಲಿಮೀಟರ್ ಪದರದಲ್ಲಿ 8ರ ಪೇಸ್ಟ್ 2.3 ಡಿಗ್ರಿ ತಿಂದರೆ 4ರದ್ದು 4.7. ಇಲ್ಲಿ ಒಳ್ಳೆಯ ಪೇಸ್ಟಿಗೆ ಅರ್ಥ ಉಂಟು. ಇನ್ನೊಂದು ತೊಂದರೆಯೂ ಇಲ್ಲಿಯದ್ದೇ. ಕಾದು ತಣಿದು ಕಾದು ತಣಿದು ಲೋಹ ಹಿಗ್ಗಿ ಕುಗ್ಗುವಾಗ ತೆಳುವಾದ ಪೇಸ್ಟ್ ನಡುವಿನಿಂದ ಅಂಚಿಗೆ ಸರಿದು ಹೋಗುತ್ತದೆ. ಹಾಕಿದ ವಾರ ಚೆನ್ನಾಗಿದ್ದು ಎರಡು ಮೂರು ತಿಂಗಳಿಗೆ ಮತ್ತೆ 95 ಬರುವ ಗೇಮಿಂಗ್ ಲ್ಯಾಪ್‌ಟಾಪ್‌ಗಳ ಕತೆ ಇದು. ಬಿಚ್ಚಿದರೆ ನಡುವೆ ಬೋಳು, ಸುತ್ತ ಪೇಸ್ಟಿನ ಕಟ್ಟೆ. ಇಂಥದಕ್ಕೆ ತೆಳು ಪೇಸ್ಟಿಗಿಂತ ಗಟ್ಟಿ ಪೇಸ್ಟ್ ಒಳ್ಳೆಯದು. ಹನಿವೆಲ್ ಪಿಟಿಎಂ7950 ಎಂಬ ಹಾಳೆ ಇನ್ನೂ ಒಳ್ಳೆಯದು. ಅದು ಸುಮಾರು 45 ಡಿಗ್ರಿಯಲ್ಲಿ ಮೆತ್ತಗಾಗಿ ಗುಂಡಿಗಳನ್ನು ತುಂಬುತ್ತದೆ, ತಣಿದಾಗ ಮತ್ತೆ ಗಟ್ಟಿ. ಸರಿದು ಹೋಗುವ ತೊಂದರೆ ಬಹಳ ಕಡಿಮೆ. ನಮ್ಮ ಸೆಕೆಗೆ ಅದು ಕೈಗೇ ಅಂಟುತ್ತದೆ. ಫ್ರಿಜ್‌ನಲ್ಲಿ ಕಾಲು ಗಂಟೆ ಇಟ್ಟು, ಕತ್ತರಿಸಿ, ಎರಡೂ ಬದಿಯ ಪ್ಲಾಸ್ಟಿಕ್ ಕಿತ್ತು ಹಾಕಿ. ಹಾಕಿದ ದಿನದ ತಾಪ ನೋಡಿ ಬೇಸರಪಡಬೇಡಿ, ಕೆಲವು ಸಲ ಕಾದು ತಣಿದ ಮೇಲೆ ಇಳಿಯುತ್ತದೆ. ನಕಲಿ ಮಾಲು ಬಹಳ, ನಂಬಿಕೆಯ ಕಡೆ ಕೊಳ್ಳಿ.

ಟಿವಿ, ಆಂಪ್ಲಿಫೈಯರ್ ರಿಪೇರಿಯವರ ಹತ್ತಿರ ಸಣ್ಣ ಡಬ್ಬಿಯಲ್ಲಿ ಸಿಗುವ ಬಿಳಿ ಹೀಟ್‌ಸಿಂಕ್ ಕಾಂಪೌಂಡ್ ಹೆಚ್ಚಾಗಿ ಸತುವಿನ ಆಕ್ಸೈಡ್ ಬೆರೆಸಿದ ಸಿಲಿಕೋನ್ ಗ್ರೀಸ್. ವಾಹಕತೆ 1ಕ್ಕಿಂತ ಕಡಿಮೆ. ಭಾನುವಾರ ಅಂಗಡಿ ಮುಚ್ಚಿದ್ದು, ಆಫೀಸಿನ ಹಳೆ ಡೆಸ್ಕ್‌ಟಾಪ್ ಓಡಲೇಬೇಕೆಂದರೆ ಹಾಕಿ. ಗೇಮಿಂಗ್ ಲ್ಯಾಪ್‌ಟಾಪಿಗೆ ಬೇಡ. ಪೇಸ್ಟಿನ ಬದಲು ಹಾಕುವ ಲಿಕ್ವಿಡ್ ಮೆಟಲ್ ಬಗ್ಗೆ ಕೇಳುವ ಹುಡುಗರಿಗೆ ನಾನು ಎರಡೇ ಮಾತು ಹೇಳುವುದು: ಅದರಲ್ಲಿರುವ ಗ್ಯಾಲಿಯಂ ಅಲ್ಯುಮಿನಿಯಂ ಹೀಟ್‌ಸಿಂಕನ್ನು ತಿಂದು ಪುಡಿ ಮಾಡುತ್ತದೆ, ಒಂದು ಹನಿ ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್.

ಕಿತ್ತು, ಒರೆಸಿ, ಹಾಕುವುದು

ಲ್ಯಾಪ್‌ಟಾಪ್ ಆದರೆ ಕೆಳಗಿನ ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಬಾಕಿಯದೆಲ್ಲ ಆಮೇಲೆ. ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕ ಹೆಚ್ಚಾಗಿ 1, 2, 3, 4 ಎಂದು ಕೆತ್ತಿರುತ್ತದೆ. ಬಿಗಿಯುವಾಗ ಆ ಕ್ರಮ, ಬಿಚ್ಚುವಾಗ ಉಲ್ಟಾ.

ಎಎಂಡಿಯ ಎಎಂ4 ಸಾಕೆಟ್ಟಿನ ಡೆಸ್ಕ್‌ಟಾಪ್ ಇದ್ದವರು ಒಂದು ನಿಮಿಷ ನಿಲ್ಲಿ. ಆ ಪ್ರೊಸೆಸರಿನ 1331 ಪಿನ್‌ಗಳು ಪ್ರೊಸೆಸರಿನಲ್ಲೇ ಇವೆ, ಮತ್ತು ಹಳೆಯ ಪೇಸ್ಟ್ ಅದನ್ನು ಕೂಲರಿಗೆ ಗೋಂದಿನಂತೆ ಹಿಡಿದಿರುತ್ತದೆ. ನೇರ ಮೇಲೆ ಎಳೆದರೆ ಸಾಕೆಟ್ಟಿನ ಲಿವರ್ ಮುಚ್ಚಿದ್ದರೂ ಪ್ರೊಸೆಸರ್ ಕಿತ್ತು ಕೈಗೆ ಬರುತ್ತದೆ, ಪಿನ್ ಬಾಗುತ್ತದೆ. ಹತ್ತು ನಿಮಿಷ ಭಾರ ಹಾಕಿ ಕಾಯಿಸಿ, ಆಫ್ ಮಾಡಿ, ಪ್ಲಗ್ ಕಿತ್ತು, ಬಿಸಿ ಆರುವ ಮೊದಲು ಕೂಲರನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ತಿರುಚುತ್ತಾ ಬಿಡಿಸಿ.

ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್, ಶೇ. 90ಕ್ಕಿಂತ ಮೇಲಿನದ್ದು. ಸ್ಯಾನಿಟೈಸರ್ ಜೆಲ್ ಬೇಡ, ಅದರಲ್ಲಿ ಕೈ ಒಣಗದಿರಲು ಹಾಕಿದ ಅಂಟು ಇರುತ್ತದೆ. ಪೆಟ್ರೋಲ್, ಥಿನ್ನರ್ ಬೇಡವೇ ಬೇಡ. ಹಳೆ ಬೈರಾಸಿನ ತುಂಡು ಹಿಡಿದು ಒರೆಸಿದರೆ ನೂಲು ಅಲ್ಲೇ ಉಳಿಯುತ್ತದೆ. ಕನ್ನಡಕ ಒರೆಸುವ ಬಟ್ಟೆ ಒಳ್ಳೆಯದು. ಹಳೆಯ ಪೇಸ್ಟನ್ನು ಒರೆಸುವ ಮೊದಲು ಒಂದು ಫೋಟೊ ತೆಗೆಯಿರಿ. ಎಲ್ಲಿ ದಪ್ಪ, ಎಲ್ಲಿ ತೆಳು, ಎಲ್ಲಿ ಬೋಳು ಎಂಬ ಆ ನಕ್ಷೆಯೇ ನಿಮ್ಮ ಅರ್ಧ ರೋಗನಿರ್ಣಯ. ಅದನ್ನು ಮೊದಲು ಒರೆಸಿಬಿಟ್ಟು ಆಮೇಲೆ ನನಗೆ ಫೋನ್ ಮಾಡುವವರಿದ್ದಾರೆ.

ಹಾಕುವ ವಿಧಾನಕ್ಕೆ ನಾನು ಹೇಳುವುದು ದೋಸೆಯ ಲೆಕ್ಕ. ಮುಚ್ಚಳವಿರುವ ಡೆಸ್ಕ್‌ಟಾಪ್ ಪ್ರೊಸೆಸರ್ ನೀರುದೋಸೆ. ಅದನ್ನು ಯಾರೂ ಸೌಟಿನಿಂದ ತಿಕ್ಕುವುದಿಲ್ಲ, ಹೊಯ್ದರೆ ತಾನೇ ಹರಡುತ್ತದೆ. ನಡುವೆ ಒಂದು ಬಟಾಣಿಗಿಂತ ಸಣ್ಣ ಗುಪ್ಪೆ ಇಟ್ಟು ಕೂಲರ್ ನೇರವಾಗಿ ಇಳಿಸಿ ಬಿಗಿದರೆ ಒತ್ತಡವೇ ಹರಡುತ್ತದೆ. ಇಂಟೆಲ್‌ನ 12ನೇ ತಲೆಮಾರಿನಿಂದ ಪ್ರೊಸೆಸರ್ ಸ್ವಲ್ಪ ಉದ್ದವಾಗಿರುವುದರಿಂದ ಉದ್ದಕ್ಕೆ ಒಂದು ಸಣ್ಣ ಗೆರೆ ಎಳೆದರೆ ಸರಿ. ಲ್ಯಾಪ್‌ಟಾಪಿನ ಬರಿಮೈ ಚಿಪ್ ಉದ್ದಿನ ದೋಸೆ, ಅದನ್ನು ತಿಕ್ಕಲೇಬೇಕು. ಮೂಲೆಯಲ್ಲಿ ಒಂದು ಚೂರು ಬಿಟ್ಟುಹೋದರೂ ಅಲ್ಲಿನ ಕೋರ್ ಒಂಟಿಯಾಗಿ ಸುಡುತ್ತದೆ. ಪ್ಲಾಸ್ಟಿಕ್ ಕಾರ್ಡ್ ಹಿಡಿದು ಚಿಪ್ಪಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ತೆಳ್ಳಗೆ ಸವರಿ. ಹೆಚ್ಚಾದರೆ ಏನು? ಸಾಮಾನ್ಯ ಪೇಸ್ಟ್ ವಿದ್ಯುತ್ ಹರಿಸುವುದಿಲ್ಲ, ಅಂಚಿನಿಂದ ಹೊರಬಂದು ಗಲೀಜಾಗುತ್ತದೆ, ಅಷ್ಟೆ. ಕಡಿಮೆಯಾಗುವುದೇ ಅಪಾಯ.

ಸ್ಕ್ರೂ ಬಿಗಿಯುವಾಗ ಒಂದನ್ನೇ ಪೂರ್ತಿ ಬಿಗಿಯಬೇಡಿ. ಎದುರುಬದುರು, ಅರ್ಧರ್ಧ ಸುತ್ತು. ಒಮ್ಮೆ ಕೂರಿಸಿದ ಹೀಟ್‌ಸಿಂಕನ್ನು "ಸರಿಯಾಗಿದೆಯಾ ನೋಡುವ" ಎಂದು ಎತ್ತಿದರೆ ಪೇಸ್ಟಿನೊಳಗೆ ಗಾಳಿ ಹೊಕ್ಕಿತು, ಒರೆಸಿ ಮತ್ತೆ ಹಾಕಬೇಕು.

ಪ್ಯಾಡ್ ಇರುವಲ್ಲಿ

ಮಣಿಪಾಲದ ಒಬ್ಬ ವಿದ್ಯಾರ್ಥಿ ಲ್ಯಾಪ್‌ಟಾಪ್ ತಂದ. ಹಿಂದೆ ಯಾರೋ ಸರ್ವಿಸ್ ಮಾಡಿದ್ದರಂತೆ, ಪೇಸ್ಟ್ ಪ್ಯಾಡ್ ಎಲ್ಲ ಹೊಸದು. "ಸರ್ವಿಸ್ ಆದ ಮೇಲೆಯೇ ಜಾಸ್ತಿ ಆದದ್ದು ಅಣ್ಣ, ಮೊದಲು ಇಷ್ಟು ಇರ್ಲಿಲ್ಲ." ಗೇಮ್ ಹಾಕಿ ನೋಡಿದರೆ ಗ್ರಾಫಿಕ್ಸ್ ಚಿಪ್ಪಿನ ತಾಪ 74, ಹಾಟ್‌ಸ್ಪಾಟ್ (ಅದೇ ಚಿಪ್ಪಿನ ಅತಿ ಬಿಸಿ ಜಾಗ) 101. ಈ ಎರಡರ ಅಂತರ ಹದಿನೈದರ ಆಸುಪಾಸು ಇದ್ದರೆ ನನಗೆ ಚಿಂತೆಯಿಲ್ಲ. 27 ಎಂದರೆ ಚಿಪ್ಪಿನ ಒಂದು ಭಾಗ ಲೋಹಕ್ಕೆ ತಾಗುತ್ತಿಲ್ಲ.

ಬಿಚ್ಚಿದೆ. ಚಿಪ್ಪಿನ ಮೇಲೆ ಪೇಸ್ಟ್ ಸವರಿದಾಗಿನ ಕಾರ್ಡಿನ ಗೆರೆಗಳು, ಮಗು ಬಾಚಿದ ತಲೆಯಂತೆ, ಹಾಗೆಯೇ ಉಳಿದಿದ್ದವು. ಒಂದು ಮೂಲೆ ಮಾತ್ರ ಚಪ್ಪಟೆ. ಸುತ್ತ ಮೆಮೊರಿ ಚಿಪ್‌ಗಳ ಮೇಲೆ ನೀಲಿ ಪ್ಯಾಡ್, ಹೊಚ್ಚ ಹೊಸದು, ಒಳ್ಳೆಯದೇ. ವರ್ನಿಯರ್ ಹಿಡಿದೆ: 1.5 ಮಿಲಿಮೀಟರ್. ಒಂದು ಮೂಲೆಯಲ್ಲಿ, ಬಹುಶಃ ಮರೆತು, ಕಂಪನಿಯ ಹಳೆಯ ಪ್ಯಾಡ್ ಉಳಿದಿತ್ತು. ಅದರ ಒತ್ತದ ಅಂಚು 1 ಮಿಲಿಮೀಟರ್. ಅರ್ಧ ಮಿಲಿಮೀಟರಿನ ಈ ಹೆಚ್ಚುವರಿ ಇಡೀ ಹೀಟ್‌ಸಿಂಕನ್ನು ಎತ್ತಿ ಹಿಡಿದಿತ್ತು. ಮೆಮೊರಿ ತಣ್ಣಗೆ, ಮುಖ್ಯ ಚಿಪ್ ಗಾಳಿಯಲ್ಲಿ.

ಪ್ಯಾಡಿನ ದಪ್ಪ ಅಂದಾಜಿನ ವಿಷಯವಲ್ಲ. 0.5, 1, 1.5, 2 ಮಿಲಿಮೀಟರಿನಲ್ಲಿ ಬರುತ್ತವೆ, ಒಂದೇ ಬೋರ್ಡಿನಲ್ಲಿ ಮೂರು ದಪ್ಪ ಇರುವುದೂ ಉಂಟು. ಹಳೆಯದನ್ನು ಕೀಳುವಾಗ ಯಾವುದು ಎಲ್ಲಿಯದು ಎಂದು ಒಂದು ಕಾಗದದಲ್ಲಿ ಬೋರ್ಡಿನ ಚಿತ್ರ ಬರೆದು ಅದರ ಮೇಲೇ ಅಂಟಿಸಿಡಿ. ಅಳೆಯುವುದು ಚಿಪ್ ಒತ್ತಿ ಕುಗ್ಗಿದ ಜಾಗದಲ್ಲಿ ಅಲ್ಲ, ಒತ್ತದ ಅಂಚಿನಲ್ಲಿ. ಹೊಸದು ಗಟ್ಟಿ ಜಾತಿಯದ್ದಾದರೆ ಅದೇ ದಪ್ಪವಿದ್ದರೂ ಕುಗ್ಗದೆ ತೊಂದರೆ ಕೊಡಬಹುದು. ಬೆರಳಲ್ಲಿ ಹಿಸುಕಿದರೆ ಮೆತ್ತಗೆ ಒಳಗೆ ಹೋಗುವಂಥದು ತನ್ನಿ. ಅಳತೆ ಸಿಗದೇ ಹೋದರೆ ಪ್ಯಾಡ್ ಬಿಟ್ಟು ಥರ್ಮಲ್ ಪುಟ್ಟಿ ಹಾಕುವುದು ಲೇಸು. ಅದು ಚಪಾತಿ ಹಿಟ್ಟಿನಂತೆ, ಎಷ್ಟು ಜಾಗವಿದೆಯೋ ಅಷ್ಟಕ್ಕೆ ಇಳಿಯುತ್ತದೆ.

ಪೂರ್ತಿ ಜೋಡಿಸುವ ಮೊದಲು ಒಂದು ಸುಳ್ಳು ಜೋಡಣೆ ಮಾಡಿ. ಚಿಪ್ಪಿಗೆ ತುಸು ಪೇಸ್ಟ್, ಎಲ್ಲ ಪ್ಯಾಡ್ ಇಟ್ಟು, ಸ್ಕ್ರೂ ಪೂರ್ತಿ ಬಿಗಿದು, ಮತ್ತೆ ಬಿಚ್ಚಿ ನೋಡಿ. ಚಿಪ್ಪಿನ ಪೇಸ್ಟ್ ನಾಲ್ಕೂ ಮೂಲೆಗೆ ತೆಳುವಾಗಿ ಹರಡಿರಬೇಕು, ಪ್ರತಿ ಪ್ಯಾಡಿನಲ್ಲೂ ಮೆಮೊರಿ ಚಿಪ್ಪಿನ ಚೌಕ ಅಚ್ಚು ಬಿದ್ದಿರಬೇಕು. ಅಚ್ಚಿಲ್ಲದ ಪ್ಯಾಡ್ ತೆಳು, ಹರಡದ ಪೇಸ್ಟ್ ಎಂದರೆ ಯಾವುದೋ ಪ್ಯಾಡ್ ದಪ್ಪ. ಆ ಹುಡುಗನ ಲ್ಯಾಪ್‌ಟಾಪಿಗೆ 1 ಮಿಲಿಮೀಟರಿನ ಮೆತ್ತನೆಯ ಪ್ಯಾಡ್ ಹಾಕಿದ ಮೇಲೆ ಹಾಟ್‌ಸ್ಪಾಟ್ 84ಕ್ಕೆ ನಿಂತಿತು, ಅಂತರ 12.

ಪೇಸ್ಟ್ ಗಲೀಜು, ಪ್ರೊಸೆಸರಿಗೇ ಪ್ಯಾಡ್ ಹಾಕಿದರೆ ಆಗದೇ ಎಂದು ಕೇಳುತ್ತಾರೆ. ಮೊದಲಿನ ಲೆಕ್ಕವನ್ನೇ ಹಾಕಿ: 45 ವ್ಯಾಟ್, 1.2 ಚದರ ಸೆಂಟಿಮೀಟರ್, 1 ಮಿಲಿಮೀಟರ್ ಪ್ಯಾಡ್, ವಾಹಕತೆ 6. ಪ್ಯಾಡ್ ಒಂದರಲ್ಲೇ 62 ಡಿಗ್ರಿ ಹೋಯಿತು. ಎರಡು ಮೂರು ವ್ಯಾಟಿನ ಮೆಮೊರಿ ಚಿಪ್ಪಿಗೆ ಅದೇ ಪ್ಯಾಡ್ ಎರಡು ಮೂರು ಡಿಗ್ರಿಯ ಮಾತು. ಅದಕ್ಕೇ ಪ್ಯಾಡ್ ಮೆಮೊರಿಗೆ, ಪೇಸ್ಟ್ ಪ್ರೊಸೆಸರಿಗೆ.

ಎಲ್ಲ ಮಾಡಿದರೂ ಹಾರುತ್ತಿದ್ದರೆ

ಅದೇ ಪರೀಕ್ಷೆ, ಅದೇ ಕೋಣೆ, ಅದೇ ಹತ್ತು ಸೆಕೆಂಡ್. ಅಚ್ಚು ಸರಿಯಿದೆ, ಪೇಸ್ಟ್ ಹರಡಿದೆ, ಫ್ಯಾನ್ ಶುದ್ಧ, ಆದರೂ ಲ್ಯಾಪ್‌ಟಾಪ್ ಮೊದಲಿನಂತೆಯೇ ಹಾರುತ್ತಿದೆ, ಹೊರಗೆ ಬರುವ ಗಾಳಿ ತಣ್ಣಗಿದೆ ಎಂದರೆ ಹೀಟ್ ಪೈಪ್ ಸತ್ತಿರಬಹುದು. ಆ ಚಪ್ಪಟೆ ತಾಮ್ರದ ಕೊಳವೆಯೊಳಗೆ ಒಂದಿಷ್ಟು ದ್ರವ ಮುಚ್ಚಿಟ್ಟಿರುತ್ತಾರೆ. ಚಿಪ್ಪಿನ ಕಡೆ ಆವಿಯಾಗಿ, ಫಿನ್ ಕಡೆ ತಣಿದು, ಒಳಗಿನ ಬತ್ತಿಯ ಮೂಲಕ ಮರಳುತ್ತದೆ. ಕೊಳವೆ ಎಲ್ಲೋ ಬಾಗಿ ಬಿರುಕು ಬಿಟ್ಟು ದ್ರವ ಹೋದರೆ ಉಳಿಯುವುದು ಬರೀ ತಾಮ್ರದ ತಗಡು.

ಇದಕ್ಕೆ ಯಾವ ಮೀಟರೂ ಬೇಡ. ಫ್ಯಾನ್ ಬಿಚ್ಚಿ ಬೇರೆಯಿಟ್ಟು, ಹೀಟ್‌ಸಿಂಕನ್ನು ಅಡುಗೆಮನೆಗೆ ಒಯ್ಯಿರಿ. ಒಂದು ಲೋಟದಲ್ಲಿ ಕುದಿದು ಇಳಿಸಿದ ನೀರು. ಚಿಪ್ಪಿಗೆ ಕೂರುವ ತುದಿಯನ್ನು ಅದರಲ್ಲಿ ಅದ್ದಿ, ಫಿನ್ ಇರುವ ತುದಿಯನ್ನು ಬೆರಳುಗಳಲ್ಲಿ ಹಿಡಿದುಕೊಳ್ಳಿ. ಜೀವ ಇರುವ ಪೈಪ್ ಆದರೆ ಕೆಲವೇ ಸೆಕೆಂಡಿಗೆ ಬೆರಳು ಬಿಡಬೇಕಾಗುತ್ತದೆ. ಅರ್ಧ ನಿಮಿಷ ಹಿಡಿದರೂ ಬೆಚ್ಚಗಷ್ಟೇ ಇದ್ದರೆ ಹೀಟ್‌ಸಿಂಕ್ ಜೋಡಣೆಯನ್ನೇ ಬದಲಿಸಿ. ಪಾರ್ಟ್ ನಂಬರ್ ಸಾಮಾನ್ಯವಾಗಿ ಅದರ ಮೇಲಿನ ಸಣ್ಣ ಸ್ಟಿಕರಿನಲ್ಲಿರುತ್ತದೆ, ನೀರಿಗೆ ಅದ್ದುವ ಮೊದಲು ಅದರ ಫೋಟೊ ತೆಗೆದುಕೊಳ್ಳಿ.